ಘೋಷಣೆ

ಬಜೆಟ್‌ನಲ್ಲಿ ಮಂತ್ರಿಗಳು ಮಾಡುವುದೂ ಘೋಷಣೆ, ಅದು ಕೈಗೆ ಸಿಗಲಿಲ್ಲವೆಂದು ರೈತರು ಬೀದಿಯಲ್ಲಿ ಕೂಗುವುದೂ ಘೋಷಣೆ. ಚಿತ್ರದುರ್ಗ ಜಿಲ್ಲೆಯಲ್ಲಿ ಎರಡಕ್ಕೂ ವಿಷಯ ಒಂದೇ: ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ.

ಸಂಸ್ಕೃತದ ‘ಘೋಷ’ಕ್ಕೆ ಗಟ್ಟಿ ದನಿ ಎಂಬ ಅರ್ಥದ ಜತೆ ಗೊಲ್ಲರ ಹಟ್ಟಿ ಎಂಬ ಅರ್ಥವೂ ಇದೆ. ಹಿರಿಯೂರು ಸೀಮೆಯ ಗೊಲ್ಲರಹಟ್ಟಿಗಳನ್ನು ಬಲ್ಲ ನನಗೆ ಈ ಅರ್ಥ ಬಲು ಪ್ರಿಯ. ದನಕರು ಎಣಿಸುವ ನೆಪ ಹೇಳಿ, ವನವಾಸದಲ್ಲಿದ್ದ ಪಾಂಡವರೆದುರು ಸಿರಿ ಮೆರೆಸಲು ದುರ್ಯೋಧನ ಹೊರಟದ್ದು ಘೋಷಯಾತ್ರೆ.

2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ನೆರವು ಘೋಷಿಸಿದರು. ಹೊಸದುರ್ಗ, ಹೊಳಲ್ಕೆರೆ ಕಡೆ ಬರಗಾಲದಲ್ಲಿ ಕೊಳವೆಬಾವಿ ಬತ್ತಿ ಸುಳಿ ಒಣಗಿದ ತೆಂಗು, ಟ್ಯಾಂಕರ್ ನೀರು ಹಾಯಿಸಿ ಉಳಿಸಿಕೊಂಡ ಅಡಿಕೆ ತೋಟ ಕಂಡವರಿಗೆ ಆ ಮಾತಿನ ತೂಕ ಗೊತ್ತು. ತುಂಗೆಯಿಂದ ಭದ್ರೆಗೆ 17.4 ಟಿಎಂಸಿ, ಭದ್ರೆಯಿಂದ ಈಚೆಗೆ 29.9 ಟಿಎಂಸಿ ನೀರೆತ್ತಿ, ನಾಲ್ಕು ಜಿಲ್ಲೆಗಳ 367 ಕೆರೆ ತುಂಬಿಸುವ ಯೋಜನೆಯದು. ಹಣ ಬಿಡುಗಡೆಯಾಗಲಿಲ್ಲವೆಂದು ರಾಜ್ಯ ಸರ್ಕಾರ ಮತ್ತೆ ಮತ್ತೆ ದೂರಿತು. 2024ರ ಫೆಬ್ರುವರಿ 7ರಂದು ಸಿದ್ದರಾಮಯ್ಯ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂರುವ ಮೊದಲೇ ‘ನನ್ನ ತೆರಿಗೆ ನನ್ನ ಹಕ್ಕು’ ಎಂಬ ಹ್ಯಾಷ್‌ಟ್ಯಾಗ್ ಎಕ್ಸ್‌ನಲ್ಲಿ ಓಡಾಡುತ್ತಿತ್ತು.

ದೂರಿನಲ್ಲಿ ಹುರುಳಿದೆ. ಸಂಸತ್ತಿನಲ್ಲಿ ಆಡಿದ ಮಾತು ನಡೆಯಲೇಬೇಕು. ಆದರೆ ಸರ್ಕಾರ ಸರ್ಕಾರಕ್ಕೆ ಬರೆದ ಪತ್ರಕ್ಕೆ ಸಂಖ್ಯೆಯಿರುತ್ತದೆ, ದಿನಾಂಕವಿರುತ್ತದೆ, ಉತ್ತರ ಬಾರದಿದ್ದರೆ ಜ್ಞಾಪನ ಹೋಗುತ್ತದೆ. ಜಾಲತಾಣದ ಪೋಸ್ಟಿಗೆ ಆ ಹಂಗಿಲ್ಲ. ಅದು ಹೆಸರಿಸುವುದು ದೆಹಲಿಯನ್ನು, ಓದಲಿ ಎಂದು ಬಯಸುವುದು ನಾವು. ಘೋಷಯಾತ್ರೆಯಲ್ಲೂ ಹೇಳಿದ್ದು ದನಗಳ ಲೆಕ್ಕ, ಬೇಕಾಗಿದ್ದದ್ದು ನೋಡುವ ಕಣ್ಣು.

ದೇಶ ದೇಶಗಳ ನಡುವೆಯೂ ಇದೇ ರೂಢಿಯಾಗುತ್ತಿದೆ. 2025ರ ಜುಲೈ 30ರಂದು ಟ್ರಂಪ್, ಭಾರತವನ್ನು ಸ್ನೇಹಿತನೆಂದು ಕರೆಯುತ್ತಲೇ ಶೇ 25ರಷ್ಟು ಸುಂಕವನ್ನು ಟ್ರೂತ್ ಸೋಶಿಯಲ್‌ನಲ್ಲಿ ಘೋಷಿಸಿದರು. ವ್ಯಾಪಾರ ಒಪ್ಪಂದದ ಮಾತುಕತೆ ಆಗಿನ್ನೂ ಮುಗಿದಿರಲಿಲ್ಲ. 2024ರ ಜನವರಿಯಲ್ಲಿ ಮೋದಿಯವರ ಬಗ್ಗೆ ಜಾಲತಾಣದಲ್ಲಿ ಹಗುರವಾಗಿ ಬರೆದ ಮೂವರು ಉಪಮಂತ್ರಿಗಳನ್ನು ಮಾಲ್ದೀವ್ಸ್ ಅಮಾನತು ಮಾಡಬೇಕಾಯಿತು.

ಹಣದ ಮಾತು ಹೀಗೆ ಎತ್ತರದ ದನಿಯಲ್ಲಿ ನಡೆಯುವಾಗ ಇನ್ನೊಂದು ಮಾತು ಕೇಳಿಸದೆ ಹೋಗುತ್ತದೆ. ಚಿತ್ರದುರ್ಗದತ್ತ ಬರುವ ಕಾಲುವೆ ಅಬ್ಬಿನಹೊಳಲು ಬಳಿ ಭೂಸ್ವಾಧೀನದ ತಕರಾರಿಗೆ ಸಿಕ್ಕಿ ಬಹುಕಾಲ ನಿಂತಿತು. ಭೂಮಿ ಕೊಟ್ಟವರಿಗೆ ಪರಿಹಾರ ಕೊಟ್ಟು ದಾರಿ ಬಿಡಿಸುವುದು ರಾಜ್ಯದ್ದೇ ಕೆಲಸ. ಆ ದೂರು ಹೋಗಬೇಕಾದದ್ದು ಬೆಂಗಳೂರಿಗೆ.