ಕೇಳಿ ನುಡಿದವರು: ಕೋಲಾರ ಸೀಮೆಯಲ್ಲಿ ಸೇವೆ ಮತ್ತು ಭಾಷಾಭ್ಯಾಸ

ಯೆಶಾಯನ ಗ್ರಂಥದ 50ನೆಯ ಅಧ್ಯಾಯದ ನಾಲ್ಕನೆಯ ವಚನವನ್ನು ಪ್ರಸಂಗಿಗಳಾದ ನಾವು ಬಹುಮಟ್ಟಿಗೆ ನಾಲಿಗೆಯ ವಚನವೆಂದೇ ಓದುತ್ತೇವೆ. ಬಳಲಿಹೋದವರಿಗೆ ಮಾತಿನಿಂದ ಬಲ ಕೊಡುವ ಸಾಮರ್ಥ್ಯವು ಸೇವಕನಿಗೆ ದೊರೆಯಿತೆಂಬುದು ನಮಗೆ ಪ್ರಿಯವಾದ ಭಾಗ. ಆದರೆ ಅದರ ಉತ್ತರಾರ್ಧವು ಕಿವಿಯನ್ನು ಕುರಿತದ್ದು. ದೇವರು ಪ್ರತಿದಿನ ಬೆಳಗಿನಲ್ಲಿ ಆ ಸೇವಕನ ಕಿವಿಯನ್ನು ಎಬ್ಬಿಸುತ್ತಾನೆ. ಅವನು ಶಿಷ್ಯನಂತೆ ಕೇಳುತ್ತಾನೆ. ಕೇಳುವುದು ನಿತ್ಯದ ಅಭ್ಯಾಸ, ನುಡಿಯುವುದು ಅದರ ಫಲ. ಪರಭಾಷೆಯನ್ನು ಕಲಿತ ಸುವಾರ್ತಾ ಸೇವಕರ ಚರಿತ್ರೆಯನ್ನು ಈ ವಚನದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಾವು ಆರಿಸಿಕೊಂಡ ನೆಲ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಸೀಮೆ.

ಹಲವು ಭಾಷೆಗಳ ಸೀಮೆ

ಈ ಸೀಮೆಯು ಆಂಧ್ರಪ್ರದೇಶ ಮತ್ತು ತಮಿಳುನಾಡುಗಳ ಗಡಿಗೆ ತಾಗಿಕೊಂಡಿದೆ. ಕಚೇರಿ ಮತ್ತು ಶಾಲೆಗಳ ಭಾಷೆ ಕನ್ನಡ. ಮುಳಬಾಗಿಲು, ಶ್ರೀನಿವಾಸಪುರಗಳ ಅನೇಕ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಸಮೀಪದ ಚಿನ್ನದ ಗಣಿಗಳಿಗೆ 1880ರ ದಶಕದಿಂದ ಬಂದ ಕೂಲಿಕಾರರು ತಮಿಳನ್ನು ಗಟ್ಟಿಯಾಗಿ ನೆಲೆಗೊಳಿಸಿದರು. ಪೇಟೆಗಳಲ್ಲಿ ಉರ್ದುವೂ ಕೇಳಿಬರುತ್ತದೆ. ಸಂತೆಯಲ್ಲಿ ಒಂದು ಭಾಷೆಯಲ್ಲಿ ಬೆಲೆ ಕೇಳಿ ಇನ್ನೊಂದರಲ್ಲಿ ಚೌಕಾಸಿ ಮಾಡುವುದು ಇಲ್ಲಿ ಯಾರಿಗೂ ಸೋಜಿಗವಲ್ಲ. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಆದರೂ ಕನ್ನಡ ಸಣ್ಣಕಥೆಗೆ ಭದ್ರವಾದ ಅಡಿಪಾಯ ಹಾಕಿದವರು ಅವರೇ. ಇಂಥ ಸೀಮೆಯಲ್ಲಿ ಮಕ್ಕಳು ಎರಡನೆಯ, ಮೂರನೆಯ ಭಾಷೆಯನ್ನು ವ್ಯಾಕರಣದಿಂದ ಕಲಿಯುವುದಿಲ್ಲ. ಬೀದಿಯಲ್ಲಿ ಕೇಳುತ್ತಾರೆ, ಕೇಳಿದ್ದನ್ನು ಅದೇ ರಾಗದಲ್ಲಿ ನುಡಿಯುತ್ತಾರೆ, ತಪ್ಪಿದಾಗ ಜೊತೆಯವರು ನಕ್ಕು ತಿದ್ದುತ್ತಾರೆ.

ಇಂದಿನ ಭಾಷಾಬೋಧಕರು ಇದನ್ನೇ ಒಂದು ಕ್ರಮಕ್ಕೆ ತಂದು 'ಶ್ಯಾಡೋಯಿಂಗ್' ಎಂದು ಕರೆಯುತ್ತಾರೆ. ಹೇಳುವವನ ಮಾತು ಮುಗಿಯುವುದನ್ನು ಕಾಯದೆ ಅದರ ಬೆನ್ನಿಗೇ, ನೆರಳಿನಂತೆ, ಅದೇ ಏರಿಳಿತದಲ್ಲಿ ನುಡಿಯುತ್ತ ಹೋಗುವುದೇ ಆ ಅಭ್ಯಾಸ. ಹೆಸರು ಹೊಸದು. ಗುರು ಹೇಳಿದ್ದನ್ನು ಶಿಷ್ಯನು ಕೇಳಿ ಮರಳಿ ಹೇಳುವ ಪದ್ಧತಿಯಾದರೋ ನಮ್ಮ ನಾಡಿನಲ್ಲಿ ಬಹು ಹಳೆಯದು. ವೇದಪಾಠದ ಸಂಥೆಯೂ ಕೂಲಿಮಠದಲ್ಲಿ ಮಕ್ಕಳು ಒಕ್ಕೊರಲಿನಿಂದ ಹೇಳುತ್ತಿದ್ದ ಮಗ್ಗಿಯೂ ಆ ಪದ್ಧತಿಯವೇ.

ಮರಳಿನ ಮೇಲಿನ ಪಾಠ

ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಮಿಷನ್ ಚರಿತ್ರೆಯು ಇಂಥದೊಂದು ಪಾಠಶಾಲೆಯಲ್ಲಿಯೇ ಆರಂಭವಾಯಿತೆನ್ನಬಹುದು. 1706ರ ಜುಲೈಯಲ್ಲಿ ತರಂಗಂಬಾಡಿಗೆ ಬಂದಿಳಿದ ತರುಣ ಬಾರ್ತೊಲೊಮೇಯಸ್ ಸೀಗನ್‌ಬಾಲ್ಗ್ ಊರಿನ ವೃದ್ಧ ಉಪಾಧ್ಯಾಯರೊಬ್ಬರನ್ನು ಅವರ ಶಾಲೆಯ ಮಕ್ಕಳೊಡನೆ ತಮ್ಮ ಮನೆಗೆ ಕರೆಸಿಕೊಂಡರು. ಆ ಮಕ್ಕಳ ನಡುವೆ ನೆಲದ ಮೇಲೆ ಕುಳಿತು ಮರಳಿನಲ್ಲಿ ಅಕ್ಷರ ತಿದ್ದಿದರು. ವಿಶ್ವವಿದ್ಯಾಲಯದಲ್ಲಿ ಓದಿ, ದೀಕ್ಷೆ ಪಡೆದು, ಅರಸನಿಂದ ಕಳುಹಿಸಲ್ಪಟ್ಟವನು ಎಳೆಯರ ಸಾಲಿನಲ್ಲಿ ಕೂತದ್ದು ಸಣ್ಣ ಸಂಗತಿಯಲ್ಲ. ಅವರ ತಮಿಳು ಹೊಸ ಒಡಂಬಡಿಕೆಯು 1715ರ ಹೊತ್ತಿಗೆ ಮುದ್ರಣಗೊಂಡಿತು. ಅದರ ಮೊದಲ ಅಕ್ಷರಗಳು ಆ ಮರಳಿನಲ್ಲಿವೆ. ಅದೇ ಶತಮಾನದ ಕೊನೆಯಲ್ಲಿ ಮದ್ರಾಸಿನ ಅನಾಥಾಲಯದ ಮೇಲ್ವಿಚಾರಕರಾಗಿದ್ದ ಆಂಡ್ರೂ ಬೆಲ್ ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಅದನ್ನೂ ಮಕ್ಕಳೇ ಮಕ್ಕಳಿಗೆ ಕಲಿಸುವ ಕ್ರಮವನ್ನೂ ತಮ್ಮ ಶಾಲೆಯಲ್ಲಿ ಬಳಕೆಗೆ ತಂದರು. 1797ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಪ್ರಕಟಿಸಿದಾಗ ಅದು 'ಮದ್ರಾಸ್ ಪದ್ಧತಿ'ಯೆಂದು ಹೆಸರಾಯಿತು.

ಮುನ್ಷಿಯ ಮುಂದೆ

ಕನ್ನಡದ ಕಡೆಗೆ ಬಂದರೆ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯನ್ನು ಸೇರಿದರು. ಸಂಪೂರ್ಣ ಕನ್ನಡ ಸತ್ಯವೇದವು 1831ರಲ್ಲಿ ಹೊರಬಂದಿತು. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮರುವರ್ಷ, 1832ರಲ್ಲಿ, ಅಚ್ಚಾಯಿತು. ಮೈಸೂರು ಸಂಸ್ಥಾನದಲ್ಲಿ ಸೇವೆ ಮಾಡಿದ ವೆಸ್ಲಿಯನ್ ಮಿಷನರಿ ಥಾಮಸ್ ಹಾಡ್ಸನ್ 1859ರಲ್ಲಿ ಹೊಸಬರಿಗಾಗಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿ, ಉದಾಹರಣೆಯ ಪ್ರತಿಯೊಂದು ಪದದ ಉಚ್ಚಾರವನ್ನೂ ಇಂಗ್ಲಿಷ್ ಲಿಪಿಯಲ್ಲಿ ಕೊಟ್ಟರು. ಆದರೆ ಲಿಪಿಯು ಎಷ್ಟು ದೂರ ಕೊಂಡೊಯ್ದೀತು? 'ಬಲಿ' ಮತ್ತು 'ಬಳಿ' ಎಂಬ ಪದಗಳ ಅಂತರವನ್ನು ಕಾಗದದ ಮೇಲೆ ತೋರಿಸಬಹುದು. ಅದು ಕಿವಿಗೆ ಕೇಳಿಸಿ ನಾಲಿಗೆಗೆ ಒಲಿಯುವುದಕ್ಕೆ ಮುನ್ಷಿಯು ಹೇಳಲೇಬೇಕು, ದೊರೆಯು ಮರಳಿ ಹೇಳಲೇಬೇಕು. ದೇವರ ಬಳಿಗೆ ಬನ್ನಿರೆಂದು ಕರೆಯಬೇಕಾದವನು ಬಲಿಗೆ ಕರೆದರೆ ಕೇಳುವವನು ನಗಬಹುದು, ಹೆದರಲೂಬಹುದು.

ಈ ವಿಷಯವನ್ನು ಶಾಸ್ತ್ರಕ್ಕೆ ತಂದವರಲ್ಲಿ ಮದ್ರಾಸ್ ಸಿವಿಲ್ ಸರ್ವಿಸಿನಲ್ಲಿದ್ದ ಥಾಮಸ್ ಪ್ರೆಂಡರ್‌ಗಾಸ್ಟ್ ಒಬ್ಬರು. ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಮೇಲೆ 1864ರಲ್ಲಿ ಪರಭಾಷೆಗಳನ್ನು ಕೈವಶಮಾಡಿಕೊಳ್ಳುವುದನ್ನು ಕುರಿತು ಅವರು ಗ್ರಂಥವನ್ನು ಬರೆದರು. ಮಕ್ಕಳು ಬಿಡಿಪದಗಳನ್ನು ಜೋಡಿಸುತ್ತ ಕಲಿಯುವುದಿಲ್ಲ, ಕೇಳಿದ ಇಡೀ ವಾಕ್ಯಗಳನ್ನು ಪುನಃ ಪುನಃ ನುಡಿದು ಅವುಗಳ ಭಾಗಗಳನ್ನು ಅದಲುಬದಲು ಮಾಡುತ್ತ ಕಲಿಯುತ್ತಾರೆ ಎಂಬುದು ಅವರ ಅವಲೋಕನ. ಆದುದರಿಂದ ಕೆಲವೇ ವಾಕ್ಯಗಳನ್ನು ಆರಿಸಿ, ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಹೊತ್ತು, ತಡವರಿಸದೆ ಬರುವ ತನಕ ಹೇಳಬೇಕೆಂದು ಅವರು ವಿಧಿಸಿದರು.

ಇಷ್ಟನ್ನು ಹೇಳುವಾಗ ಒಂದು ಋಣವನ್ನು ನೆನೆಯಬೇಕು. ನಿಘಂಟು, ವ್ಯಾಕರಣ, ಭಾಷಾಂತರಗಳ ಮುಖಪುಟಗಳಲ್ಲಿ ನಾವು ಕಾಣುವುದು ಮಿಷನರಿಗಳ ಹೆಸರು. ಬೆಳಗಿನಿಂದ ಒಂದೇ ಪದವನ್ನು ಇಪ್ಪತ್ತು ಸಲ ಬೇಸರವಿಲ್ಲದೆ ಹೇಳಿಕೊಟ್ಟ ಮುನ್ಷಿಗಳ ಹೆಸರುಗಳು ಬಹುಮಟ್ಟಿಗೆ ಅಳಿದುಹೋದವು. ಅವರಲ್ಲಿ ಅನೇಕರು ಕ್ರೈಸ್ತರೂ ಆಗಿರಲಿಲ್ಲ. ಸಭೆಯ ಕನ್ನಡವು ಅವರ ಬಾಯಿಂದ ಬಂದದ್ದು.

ಕೋಲಾರದಲ್ಲಿ

1876–78ರ ಮಹಾಕ್ಷಾಮದ ಕಾಲದಲ್ಲಿ ಕೋಲಾರದಲ್ಲಿ ಮಿಸ್ ಆನ್‌ಸ್ಟೀ ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟರು. 1890ರಲ್ಲಿ ಆ ಕಾರ್ಯವು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿನ ಕೈಗೆ ಬಂದಿತು. 1910ರಲ್ಲಿ ಎಲೆನ್ ಥೋಬರ್ನ್ ಕೊವೆನ್ ಸ್ಮಾರಕ ಆಸ್ಪತ್ರೆಯು ಆರಂಭವಾಯಿತು, ಇ.ಟಿ.ಸಿ.ಎಂ. ಎಂಬ ಹೆಸರಿನಿಂದ ಅದು ಇಂದಿಗೂ ಜನಪರಿಚಿತ. ಅನಾಥಾಲಯ ಮತ್ತು ಆಸ್ಪತ್ರೆಗಳೆರಡೂ ಭಾಷಾಭ್ಯಾಸದ ಕಠಿಣ ಶಾಲೆಗಳೆಂಬುದನ್ನು ನಾವು ಮರೆಯಬಾರದು. ಪ್ರಸಂಗವನ್ನು ಬರೆದುಕೊಂಡು ಓದಬಹುದು. ಹಸಿದ ಮಗುವಿನ ಅಳುವಿನ ನಡುವಣ ಮಾತನ್ನೂ ಹೆರಿಗೆಯ ನೋವಿನಲ್ಲಿರುವ ಹೆಂಗಸು ಹೇಳುವ ಮಾತನ್ನೂ ಬರೆದುಕೊಂಡು ಬರಲಾಗದು. ಎಲ್ಲಿ ನೋವು, ಎಂದಿನಿಂದ ನೋವು ಎಂದು ಕೇಳುವುದಕ್ಕೆ ಸಾಹಿತ್ಯದ ಕನ್ನಡ ಸಾಲದು. ಶ್ರೀನಿವಾಸಪುರದ ಕಡೆಯಿಂದ ಬಂದವಳಿಗೆ ಕನ್ನಡವೇ ಸಾಲದಿರಬಹುದು. ಅಲ್ಲಿ ಕೇಳಿಸಿಕೊಳ್ಳುವುದೇ ಮೊದಲ ಶುಶ್ರೂಷೆ. 'ಶುಶ್ರೂಷೆ' ಎಂಬ ಪದದ ಮೂಲಾರ್ಥವೇ ಕೇಳುವ ಬಯಕೆ.

ಗಿಳಿಪಾಠದ ಅಪಾಯ

ಮಿಷನ್ ಆವರಣಗಳಲ್ಲಿ ಎರಡು ಬಗೆಯ ಮರುನುಡಿ ನಡೆಯುತ್ತಿತ್ತು. ಮುನ್ಷಿಯು ಹೇಳಿದ್ದನ್ನು ಮಿಷನರಿಯು ಹೇಳುತ್ತಿದ್ದನು. ಉಪದೇಶಿಯು ಹೇಳಿದ ಪ್ರಶ್ನೋತ್ತರಗಳನ್ನು ಮಕ್ಕಳು ಹೇಳುತ್ತಿದ್ದರು. ಎರಡನೆಯದನ್ನು ನಮ್ಮ ಸಭೆಗಳು ಉಳಿಸಿಕೊಂಡವು, ಮೊದಲನೆಯದನ್ನು ಮರೆತವು. ಕೇಳದೆ ಕಲಿಸುವ ಸಭೆಯಲ್ಲಿ ಮರುನುಡಿಯು ಗಿಳಿಪಾಠವಾಗುತ್ತದೆ. 1953ರಲ್ಲಿ ಕಾಲಿನ್ ಚೆರಿ ಎಂಬ ವಿಜ್ಞಾನಿಯು ಕಿವಿಗೆ ಬಿದ್ದ ಮಾತನ್ನು ಬೆನ್ನಿಗೇ ನುಡಿಯುವಂತೆ ಜನರಿಗೆ ಹೇಳಿ ಪರೀಕ್ಷೆ ಮಾಡಿದರು. ಅವರು ಪದಗಳನ್ನು ತಪ್ಪಿಲ್ಲದೆ ನುಡಿದರೂ ದನಿಯಲ್ಲಿ ಏರಿಳಿತವಿರಲಿಲ್ಲ, ನುಡಿದುದರ ಅರ್ಥವು ಅವರಿಗೆ ಅಷ್ಟಾಗಿ ತಿಳಿದಿರಲೂ ಇಲ್ಲ. ಪ್ರತಿ ಭಾನುವಾರ ಆರಾಧನಾ ಕ್ರಮವನ್ನು ಏಕದನಿಯಲ್ಲಿ ಮುಗಿಸುವ ನಮಗೆ ಇದು ಎಚ್ಚರಿಕೆ.

ಆದರೆ ಮರುನುಡಿಯು ಬರಿದಾಗಲೇಬೇಕೆಂದಿಲ್ಲ. ಮಾರ್ಕನ ಸುವಾರ್ತೆಯ ಪ್ರಕಾರ (15:34) ಕರ್ತನು ಶಿಲುಬೆಯ ಮೇಲೆ ನುಡಿದದ್ದು 22ನೆಯ ಕೀರ್ತನೆಯ ಮಾತನ್ನು. ನುಡಿದದ್ದು ತನ್ನ ಮನೆಮಾತಾದ ಅರಾಮಿಕದಲ್ಲಿ. ಬಾಲ್ಯದಿಂದ ಕೇಳಿದ ಮಾತು ಸಂಕಟದ ಗಳಿಗೆಯಲ್ಲಿ ಸ್ವಂತ ಮೊರೆಯಾಗಿ ಹೊರಬಂದಿತು.

ಇಂದಿನ ಸಭಾಪಾಲಕನಿಗೆ

ಸೆಮಿನರಿಯನ್ನು ಮುಗಿಸಿ ಮುಳಬಾಗಿಲಿನ ಅಥವಾ ಶ್ರೀನಿವಾಸಪುರದ ಹಳ್ಳಿಗೆ ಹೋಗುವ ತರುಣನಿಗೆ ಗ್ರಂಥಸ್ಥ ಕನ್ನಡವೂ ಸ್ವಲ್ಪ ಗ್ರೀಕೂ ಬರುತ್ತವೆ. ಸಭೆಯ ಅಜ್ಜಿಯು ಮನೆಯಲ್ಲಿ ಪ್ರಾರ್ಥಿಸುವ ತೆಲುಗು ಬರುವುದಿಲ್ಲ. ಅವನು 'ಪಾಪ'ವೆಂದಾಗ ತೆಲುಗಿನ ಕಿವಿಗೆ ಎಳೆಯ ಮಗುವೂ ಕೇಳಿಸಬಹುದೆಂಬುದು ಅವನಿಗೆ ಹೊಳೆಯದು. ಅವನಿಗೆ ನಾವು ಸೂಚಿಸುವ ದಾರಿ ಸರಳವಾದದ್ದು. ಹಿರಿಯರೊಬ್ಬರ ಒಪ್ಪಿಗೆ ಪಡೆದು ಅವರ ಪ್ರಾರ್ಥನೆಯೊಂದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಲಿ. ಮೊದಲು ಅರ್ಥವನ್ನು ಕೇಳಿ ತಿಳಿಯಲಿ. ಬಳಿಕ ದಿನವೂ ಹತ್ತು ನಿಮಿಷ ಆ ದನಿಯ ಬೆನ್ನಿಗೇ ನುಡಿಯಲಿ. ವಾರದ ಕೊನೆಯಲ್ಲಿ ಅವರ ಮುಂದೆಯೇ ಹೇಳಿ ತಿದ್ದಿಸಿಕೊಳ್ಳಲಿ. ಕೊನೆಗೆ ಅದೇ ಮಾತುಗಳಿಂದ ತನ್ನದೇ ಪ್ರಾರ್ಥನೆಯನ್ನು ಕಟ್ಟಲಿ. ಅವರು ನಕ್ಕರೆ ಜೊತೆಗೆ ನಗಲಿ. ಸಭಾಪಾಲಕನು ತಪ್ಪು ಮಾಡಿ ತಿದ್ದಿಕೊಳ್ಳುವುದನ್ನು ಕಂಡ ಸಭೆಯು ಅವನ ಮುಂದೆ ತನ್ನ ತಪ್ಪುಗಳನ್ನು ಹೇಳಿಕೊಳ್ಳಲು ಅಂಜುವುದಿಲ್ಲ.

ನ್ಯಾಯಸ್ಥಾಪಕರ 12ನೆಯ ಅಧ್ಯಾಯದಲ್ಲಿ ಯೊರ್ದನಿನ ಹಾಯಗಡಗಳಲ್ಲಿ ಒಂದು ಪದದ ಉಚ್ಚಾರವು ಸಾವುಬದುಕಿನ ತೀರ್ಪಾಯಿತು. ಉಚ್ಚಾರವನ್ನು ಪರರನ್ನು ಬೇರ್ಪಡಿಸುವ ಗುರುತಾಗಿ ಬಳಸಿದರೆ ಆಗುವುದು ಅದು. ಪಂಚಾಶತ್ತಮ ದಿನದಲ್ಲಿಯಾದರೋ ಪ್ರತಿಯೊಬ್ಬನೂ ತನ್ನ ಹುಟ್ಟುಭಾಷೆಯನ್ನು ಕೇಳಿದನು. ಗಡಿಸೀಮೆಯ ಸಭೆಯು ಈ ಎರಡರಲ್ಲಿ ಒಂದನ್ನು ದಿನವೂ ಆರಿಸಿಕೊಳ್ಳುತ್ತಿರುತ್ತದೆ.

ಆದಿಯಲ್ಲಿದ್ದ ವಾಕ್ಯವು ಮನುಷ್ಯನಾಯಿತೆಂದು ನಾವು ನಂಬುತ್ತೇವೆ. ಮನುಷ್ಯನಾದ ಮೇಲೆ ಆ ವಾಕ್ಯವೂ ನಜರೇತಿನ ಮನೆಯಲ್ಲಿ ತಾಯಿಯ ಬಾಯಿ ನೋಡಿ, ಕೇಳಿ, ತೊದಲಿ ಮಾತು ಕಲಿಯಿತು. ಕರ್ತನು ಒಪ್ಪಿಕೊಂಡ ಆ ಶಿಷ್ಯತ್ವವು ಆತನ ಸೇವಕರಿಗೆ ಅವಮಾನವೆನಿಸಬಾರದು.