ಸೈಗಾನಿನ ಬ್ರೆಡ್ಡು, ಗೋಕಾಕದ ಪಾವು

ಬೆಂಗಳೂರಲ್ಲಿ ಸಿಗದ ತಿಂಡಿ ಇಲ್ಲ ಅಂತಾರೆ. ಅದನ್ನು ನಂಬಿಕೊಂಡೇ ನಾನು ಮೂರು ಭಾನುವಾರ ಊರೆಲ್ಲ ಅಲೆದೆ. ಹುಡುಕುತ್ತಿದ್ದದ್ದು ಬಾನ್ ಮೀ, ವಿಯೆಟ್ನಾಂನವರ ಸ್ಯಾಂಡ್‌ವಿಚ್. ಕೊನೆಗೊಂದು ಕಡೆ ಸಿಕ್ಕಿತು. ಬ್ರೆಡ್ಡು ರಬ್ಬರಿನಂತಿತ್ತು, ಬಿಲ್ಲು ನೋಡಿ ಹಸಿವೇ ಇಂಗಿತು. ರಾತ್ರಿ ಗೋಕಾಕದ ಗೆಳೆಯನಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ.

"ಅದಕ್ಯಾಕಲೇ ಅಷ್ಟ ಅಡ್ಡಾಡ್ತಿ? ಊರಿಗೆ ಬಾ, ಬಸ್ ಸ್ಟ್ಯಾಂಡ್ ಮುಂದಿನ ಗಾಡ್ಯಾಗ ವಡಾ ಪಾವ್ ತಿನ್ನು" ಅಂದ.

ನಕ್ಕು ಫೋನ್ ಇಟ್ಟೆ. ಆಮೇಲೆ ಅನ್ನಿಸಿತು, ಅವನು ಹೇಳಿದ್ದು ತಮಾಷೆ ಅಲ್ಲವೇ ಅಲ್ಲ. ಇವೆರಡೂ ಅಣ್ಣತಮ್ಮಂದಿರು.

ಹೇಗೆ ಅಂತೀರಾ? 1859ರಲ್ಲಿ ಸೈಗಾನ್ ಫ್ರೆಂಚರ ಕೈಸೇರಿತು. ವಿಯೆಟ್ನಾಂ ಅಕ್ಕಿಯ ದೇಶ. ಗೋಧಿ ಹಿಟ್ಟು ಹಡಗಿನಲ್ಲಿ ಬರಬೇಕು. ಹಾಗಾಗಿ ಬ್ರೆಡ್ಡು ಅಂದ್ರೆ ಸಾಹೇಬರ ಊಟ. 1954ರಲ್ಲಿ ಜಿನೀವಾ ಒಪ್ಪಂದ ಆಯ್ತು, ದೇಶ ಎರಡು ತುಂಡಾಯ್ತು. ಉತ್ತರದಿಂದ ಎಂಟು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ದಕ್ಷಿಣಕ್ಕೆ ಬಂದರು. ಹಾಗೆ ಬಂದ ಒಂದು ದಂಪತಿ 1958ರಲ್ಲಿ ಸೈಗಾನಿನಲ್ಲಿ ಹೋವಾ ಮಾ ಅನ್ನೋ ಅಂಗಡಿ ತೆರೆದರು. ತಟ್ಟೆಯಲ್ಲಿ ಬೇರೆ ಬೇರೆ ಇಡುತ್ತಿದ್ದ ಬ್ರೆಡ್ಡು, ಮಾಂಸಗಳನ್ನು ಒಟ್ಟು ಮಾಡಿ, ಬ್ರೆಡ್ಡು ಸೀಳಿ ಒಳಗೆ ತುಂಬಿ ಕೈಗೆ ಕೊಟ್ಟರು. ಕೂತು ತಿನ್ನಲು ಪುರಸೊತ್ತಿಲ್ಲದವರಿಗೆ ಅದು ಅನುಕೂಲವಾಯ್ತು. ಹುಳಿಯಲ್ಲಿ ನೆನೆಸಿದ ಗಜ್ಜರಿ, ಮೂಲಂಗಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಸೇರಿದ ಮೇಲೆ ಫ್ರೆಂಚರ ಬ್ರೆಡ್ಡು ಫ್ರೆಂಚರದಾಗಿ ಉಳಿಯಲಿಲ್ಲ. 1975ರ ಏಪ್ರಿಲ್ 30ಕ್ಕೆ ಸೈಗಾನ್ ಬಿತ್ತು. ದೋಣಿ ಹತ್ತಿ ಹೋದವರು ಕ್ಯಾಲಿಫೋರ್ನಿಯಾ, ಪ್ಯಾರಿಸ್, ಸಿಡ್ನಿಗಳಲ್ಲಿ ನೆಲೆಸಿದರು. ಒಳ್ಳೆಯ ಬಾನ್ ಮೀ ಇವತ್ತಿಗೂ ಅವರ ಓಣಿಗಳಲ್ಲೇ ಸಿಗೋದು. ಬೆಂಗಳೂರಿಗೆ ಆ ಜನ ಬರಲಿಲ್ಲ, ತಿಂಡಿಯ ಹೆಸರಷ್ಟೇ ಬಂತು!

ಈಗ ನಮ್ಮ ಪಾವಿಗೆ ಬನ್ನಿ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಬ್ರೆಡ್ಡಿಗೆ 'ಪಾಂವ್' ಅಂತಿದ್ದರು. ಹಿಟ್ಟು ಹುಳಿ ಬರಿಸಲು ಯೀಸ್ಟ್ ಸಿಗದಿದ್ದಾಗ ಅಲ್ಲಿ ತೆಂಗಿನ ಸೇಂದಿ ಹಾಕಿದರು. ಇನ್ನು ಒಳಗಿನ ವಡೆ? ಆಲೂಗಡ್ಡೆಗೆ ನಮ್ಮ ಕಡೆ ಬಟಾಟಿ ಅಂತೀವಲ್ಲ, ಅದೂ ಪೋರ್ಚುಗೀಸರ ಮಾತೇ. ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಅವರ ಹಡಗಿನಲ್ಲೇ ಬಂದಿದ್ದು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದವರ ಮುಂದೆ ಈ ಮಾತು ಆಡಿ ನೋಡಿ, ನಿಮ್ಮನ್ನು ಊರು ಬಿಡಿಸ್ತಾರೆ. ಸಂಕೇಶ್ವರಿ ಮೆಣಸಿನಕಾಯಿ ಅಂತ ಕೊಲ್ಲಾಪುರದವರೆಗೂ ಅವರ ಊರಿನ ಹೆಸರೇ ನಡೆಯುತ್ತೆ!

ಈ ಎಲ್ಲ ಪರದೇಶಿಗಳು ಒಟ್ಟಾಗಿದ್ದು ಮುಂಬೈನಲ್ಲಿ. 1966ರಲ್ಲಿ ದಾದರ್ ಸ್ಟೇಷನ್ ಹೊರಗೆ ಅಶೋಕ್ ವೈದ್ಯ ಪಾವಿನೊಳಗೆ ವಡೆ ಇಟ್ಟು ಮಾರಿದರು ಅಂತಾರೆ. ತಿಂದವರಲ್ಲಿ ಗಿರಣಿ ಕಾರ್ಮಿಕರೇ ಹೆಚ್ಚು. 1982ರ ಜನವರಿ 18ಕ್ಕೆ ದತ್ತಾ ಸಾಮಂತ್ ನೇತೃತ್ವದಲ್ಲಿ ಮುಷ್ಕರ ಶುರುವಾಯ್ತು. ಸುಮಾರು ಎರಡೂವರೆ ಲಕ್ಷ ಜನ ಹೊರಬಂದರು, ಬಹಳಷ್ಟು ಮಂದಿ ಮತ್ತೆ ಗಿರಣಿಯ ಒಳಗೆ ಕಾಲಿಡಲಿಲ್ಲ. ನಿನ್ನೆವರೆಗೆ ವಡಾ ಪಾವ್ ತಿಂದವರಲ್ಲಿ ಕೆಲವರು ಮರುದಿನ ಅದನ್ನೇ ಮಾರಲು ನಿಂತರು.

ಗೋಕಾಕಕ್ಕೆ ಗಿರಣಿ ಹೊಸದಲ್ಲ. ಘಟಪ್ರಭೆಯ ಜಲಪಾತದ ಬಲದಲ್ಲಿ ಅಲ್ಲಿ 1887ರಿಂದಲೇ ನೂಲು ತೆಗೆದಿದ್ದಾರೆ. ಆದರೂ ನಮ್ಮ ಓಣಿಯ ಒಬ್ಬ ಕಾಕಾ ಮುಂಬೈ ಗಿರಣಿಗೆ ಹೋಗಿದ್ದರು. ಮುಷ್ಕರ ಮುರಿದ ಮೇಲೆ ಒಂದು ಟ್ರಂಕು ಹೊತ್ತುಕೊಂಡು ಬಂದರು. ಆರು ತಿಂಗಳು ಯಾರ ಜೊತೆಗೂ ಮಾತಿಲ್ಲ. ಒಂದಿನ ಕಟ್ಟೆಯ ಮೇಲೆ ಸ್ಟೋವ್ ಇಟ್ಟು ವಡೆ ಕರಿಯೋಕೆ ಕೂತರು. ಶಾಲೆ ಬಿಟ್ಟು ಬಂದ ನಾವೇ ಮೊದಲ ಗಿರಾಕಿಗಳು. ಕೈ ನಡುಗುತ್ತಿತ್ತು ಅವರದು. ಮುಂಬೈ ಬಗ್ಗೆ ಕೇಳಿದ್ರೆ "ತಿನ್ನ, ಆರಿ ಹೊಕ್ಕೈತಿ" ಅಂತಿದ್ದರು.

ಕಾಕಾ ಈಗಿಲ್ಲ. ಹೋದ ಸಲ ಊರಿಗೆ ಹೋದಾಗ ಮಗ ಗಾಡಿ ನಡೆಸ್ತಿದ್ದ. ಪಾವಿಗೆ ಕೆಂಪು ಚಟ್ನಿ ಸವರುತ್ತಿದ್ದವನನ್ನು ನಾನು ಬಾಯಿ ತಡೆಯದೆ, "ಬಟಾಟಿ ಎಲ್ಲಿಂದ ಬಂತು ಗೊತ್ತೇನೋ?" ಅಂದೆ.

"ಮೂಡಲಗಿ ಸಂತಿಯಿಂದ್ರಿ ಸರ" ಅಂದ.