ಕಲ್ಲು ಹೆಕ್ಕಿದವರ ನೆಲ

ತುಲಾ ತಿಂಗಳ ಮಳೆ ಹಿಂದೆಗೆದು ನೆಲ ಇನ್ನೂ ಹಸಿಯಾಗಿರುವಾಗಲೇ ನಮ್ಮ ಕಡೆ ಗುಡ್ಡದ ಬದಿಯಲ್ಲಿ ಕಲ್ಲು ಕೀಳುವ ಕೆಲಸ ಸುರುವಾಗುತ್ತದೆ. ಮಣ್ಣು ಒಣಗಿದ ಮೇಲೆ ಸಬ್ಬಲಿನ ತುದಿ ಮಡಚೀತೇ ಹೊರತು ಕಲ್ಲು ಅಲುಗದು. ಇಬ್ಬರು ನಿಂತು ಮೀಟಿ ಸಡಿಲಿಸಿದ ಕಲ್ಲಿಗೆ ಸಂಕೋಲೆ ಸುತ್ತಿ ಸಣ್ಣ ಟ್ರಾಕ್ಟರಿನ ಹಿಂದಿನ ಕೊಂಡಿಗೆ ಸಿಕ್ಕಿಸುತ್ತಾರೆ. ಕೊಂಡಿ ತಗ್ಗಿನಲ್ಲಿರಬೇಕು, ಎತ್ತರದಲ್ಲಿ ಸಿಕ್ಕಿಸಿ ಎಳೆದರೆ ಮುಂದಿನ ಚಕ್ರಗಳು ಆಕಾಶ ನೋಡುತ್ತವೆ. ಎಳೆತಕ್ಕೂ ಬಗ್ಗದ ಕಲ್ಲಾದರೆ ಬೆಣೆ ಹೊಡೆದು ಸೀಳಬೇಕು. ಇದು ನಮಗೆಲ್ಲ ಕಂಡು ಹಳತಾದ ನೋಟ. ಆದರೆ ಈ ಕೆಲಸಕ್ಕೊಂದು ಚರಿತ್ರೆಯಿದೆ, ಮತ್ತು ಆ ಚರಿತ್ರೆ ಯಾವ ಕಡತದಲ್ಲೂ ಸರಿಯಾಗಿ ಬರೆದಿಟ್ಟಿಲ್ಲ.

ಕಾಸರಗೋಡಿನ ಗುಡ್ಡಗಳ ಮೈ ಮುರಕಲ್ಲಿನದು. ಮಲಯಾಳದಲ್ಲಿ ಚೆಂಗಲ್ಲು, ವೆಟ್ಟುಕಲ್ಲು. 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರು ಕಟ್ಟಿದ. ಊರವರು ಇದನ್ನು ಇಟ್ಟಿಗೆಕಲ್ಲು ಎನ್ನುತ್ತಾರೆಂದು ಅವನೇ ಬರೆದಿದ್ದಾನೆ. ಲೋಕವೆಲ್ಲ ಬಳಸುವ ಶಾಸ್ತ್ರದ ಹೆಸರು ನಮ್ಮವರ ಬಾಯಿಮಾತಿನ ಭಾಷಾಂತರದಂತಿದೆ ಎಂಬುದು ಸಣ್ಣ ಸಂತೋಷದ ಸಂಗತಿಯಲ್ಲ. 1801ರ ಆರಂಭದಲ್ಲಿ ಅವನು ಬೇಕಲ, ಚಂದ್ರಗಿರಿ, ಕುಂಬಳೆಯ ದಾರಿಯಾಗಿ ಉತ್ತರಕ್ಕೆ ಹೋದ.

ಈ ಕಲ್ಲಿನ ಸ್ವಭಾವ ವಿಚಿತ್ರ. ನೆಲದೊಳಗೆ ಕೊಡಲಿಗೂ ಕೊಯ್ಯುವಷ್ಟು ಮೆತ್ತಗೆ. ಗಾಳಿ ಬಿಸಿಲು ತಾಗಿದರೆ ಗಟ್ಟಿ. ಆದ್ದರಿಂದ ಮೇಲಿನ ಚಿಪ್ಪೇ ಬೇಸಾಯಗಾರನ ವೈರಿ. ಅದನ್ನು ಒಡೆದು ಹೊತ್ತು ಹಾಕಿದವನಿಗೆ ಅಡಿಯ ಮಣ್ಣು ಒಲಿಯುತ್ತದೆ. 1916ರಲ್ಲಿ ಕಾಸರಗೋಡಿನಲ್ಲಿ ಸುರುವಾದ ತೆಂಗು ಸಂಶೋಧನಾ ಕೇಂದ್ರ ಮುಂದೆ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಅಲ್ಲಿಯವರು ಕೊಡುವ ಸಲಹೆಯೂ ಈ ಕಲ್ಲಿನ ಗುಣವನ್ನು ನೋಡಿಯೇ ಇದೆ: ಮುರಕಲ್ಲಿನ ನೆಲದಲ್ಲಿ ತೆಂಗಿನ ಹೊಂಡ 1.2 ಮೀಟರ್ ಉದ್ದ, ಅಗಲ, ಆಳ ಇರಲಿ. ಗಿಡ ನೆಡುವ ಆರು ತಿಂಗಳ ಮೊದಲೇ ಹೊಂಡಕ್ಕೆ ಎರಡು ಕಿಲೋ ಉಪ್ಪು ಹಾಕಿ ಕಲ್ಲನ್ನು ಸಡಿಲಿಸಿ.

ಬೈಲು, ಮಜಲು, ಬೆಟ್ಟು ಎಂದು ಹಿಂದಿನವರು ಗದ್ದೆಗಳನ್ನು ವಿಂಗಡಿಸಿದ್ದರು. ಬೈಲಿನಲ್ಲಿ ನೀರು, ಬೆಟ್ಟಿನಲ್ಲಿ ಕಲ್ಲು. ಮಜಲಿನಿಂದ ಮೇಲಕ್ಕೆ ಬೇಸಾಯ ಹತ್ತಿದಂತೆಲ್ಲ ಹೆಕ್ಕಿದ ಕಲ್ಲು ಪಕ್ಕದಲ್ಲೇ ಪಾಗಾರವಾಯಿತು. ಪಾಗಾರ ದಪ್ಪವಿದ್ದಷ್ಟೂ ಆ ನೆಲ ಕೆಟ್ಟದಿತ್ತು ಎಂದು ತಿಳಿಯಬಹುದು. ಹೊತ್ತವರು ಯಾರು? ವರ್ಗದ ಲೆಕ್ಕದಲ್ಲಿ ವರ್ಗದಾರನ ಹೆಸರಿದೆ. ಮೂಲಗೇಣಿಯವನಿಗೆ ಕಾಯಂ ಹಕ್ಕಿತ್ತು. ಚಾಲಗೇಣಿಯವನು ಧನಿಯ ಮನಸ್ಸಿದ್ದಷ್ಟು ದಿನ. ಹೆಡಗೆಯಲ್ಲಿ ಕಲ್ಲು ಹೊತ್ತ ಆಳಿಗೆ ಇದ್ಯಾವುದೂ ಇರಲಿಲ್ಲ. ಮಲಯಾಳದ ಗೇಣಿಯಲ್ಲಿ ‘ಕುೞಿಕ್ಕಾಣಂ’ ಎಂದಿದೆ. ಗಿಡ ನೆಟ್ಟು ನೆಲ ಅಭಿವೃದ್ಧಿಪಡಿಸಲೆಂದು ಕೊಟ್ಟ ಒಕ್ಕಲು. ಹೊಂಡ ತೋಡಿದ್ದಕ್ಕೆ ಹೆಸರಿದೆ, ಕಲ್ಲು ಹೊತ್ತದ್ದಕ್ಕೆ ಇಲ್ಲ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಒಂದೇ ದಕ್ಷಿಣ ಕನ್ನಡದ ಒಂದೇ ಬಗೆಯ ಗೇಣಿಗೆ ಎರಡು ಶಾಸನಗಳು ಬಂದವು. ಇಲ್ಲಿ 1970 ಜನವರಿ 1ರಂದು, ಗಡಿಯಾಚೆ 1974 ಮಾರ್ಚ್ 1ರಂದು ಉಳುವವನು ಒಡೆಯನಾದ. ಉಳುವವನೆಂದರೆ ಗೇಣಿದಾರ. ಧನಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಆಳಿಗೆ ಪಂಚಾಯತು ಪ್ರದೇಶದಲ್ಲಿ ‘ಕುಡಿಕಿಡಪ್ಪು’ ಎಂದು ಹತ್ತು ಸೆಂಟಿನ ಮಿತಿಯೊಳಗೆ ಕೊಂಡುಕೊಳ್ಳುವ ಹಕ್ಕು ಬಂತು. ಆ ಮಲಯಾಳ ಮಾತು ನಮ್ಮ ಕನ್ನಡದಲ್ಲಿ ಅಂದಿನಿಂದ ಹಾಗೆಯೇ ನಿಂತಿದೆ.

ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟರು. ಈ ಮಣ್ಣಿನಲ್ಲಿ ಕೆಲಸ ಮಾಡಿದವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ.

ಯಂತ್ರ ಬಂದದ್ದು ಈ ಹೊತ್ತಿನಲ್ಲೇ. ಬೆಂಗಳೂರಿನಲ್ಲಿ 1967ರಲ್ಲಿ ವಿ.ಎಸ್.ಟಿ. ಕಂಪೆನಿ, ಇತ್ತ ಅತ್ತಾಣಿಯಲ್ಲಿ 1973ರಲ್ಲಿ ಕೇರಳ ಸರಕಾರದ ಕ್ಯಾಮ್ಕೋ ಹುಟ್ಟಿದವು. ಎರಡೂ ಜಪಾನಿನ ವಿದ್ಯೆಯಿಂದ ಟಿಲ್ಲರು ಮಾಡಿದವು. ಪಾಲಾಗಿ ಸಣ್ಣದಾದ ಮೆಟ್ಟಿಲು ಗದ್ದೆಗಳಿಗೆ ದೊಡ್ಡ ಟ್ರಾಕ್ಟರು ಇಳಿಯುವಂತಿರಲಿಲ್ಲ. ಆದರೆ ಸಣ್ಣ ಯಂತ್ರಕ್ಕೂ ಒಂದು ಹಟವಿದೆ. ಕೋಣ ಕಟ್ಟಿದ ನೇಗಿಲು ಕಲ್ಲು ತಾಗಿದರೆ ನಿಲ್ಲುತ್ತಿತ್ತು. ಉಳುವವನು ಎತ್ತಿ ಬದಿಗಿಟ್ಟು ಮುಂದೆ ಹೋಗುತ್ತಿದ್ದ. ಎರಡು ತಲೆಮಾರು ಹಾಗೆ ಸುತ್ತಿ ಉತ್ತ ಕಲ್ಲುಗಳಿವೆ. ಟಿಲ್ಲರಿನ ಸುತ್ತುವ ಬ್ಲೇಡು ನಿಲ್ಲುವುದಿಲ್ಲ, ಮುರಿಯುತ್ತದೆ. ಹೀಗಾಗಿ ಅಜ್ಜಂದಿರು ಬಿಟ್ಟ ಕಲ್ಲನ್ನು ಮೊಮ್ಮಕ್ಕಳು ಕೀಳಬೇಕಾಯಿತು.

ನನ್ನ ತಂದೆಯ ಕಾಲದ ಮೇಲ್ಗದ್ದೆಗೆ ಟ್ರಾಕ್ಟರು ಹೋಗಲು ಪಾಗಾರದಲ್ಲಿ ಕಂಡಿ ತೆಗೆಯಬೇಕಾಗಿ ಬಂತು. ಬದಿಯ ಹತ್ತು ಸೆಂಟಿನ ಅಜ್ಜಿ ಸದ್ದು ಕೇಳಿ ಬಂದು ನಿಂತರು. “ಧನಿ, ಎಷ್ಟು ತೆಗೀತೀರಿ?” ಎಂದರು. ಆರಡಿ ಎಂದೆ. “ಆ ಮೂಲೆಯದ್ದು ನಾನೂ ನನ್ನ ಅಮ್ಮನೂ ಹೊತ್ತದ್ದು. ಅದು ಇರಲಿ, ಈಚೆ ತೆಗೀರಿ” ಎಂದರು. ಆ ಪಾಗಾರವನ್ನು ನಮ್ಮ ಹಿರಿಯರು ಕಟ್ಟಿದ್ದೆಂದೇ ನಾನು ಅಲ್ಲಿಯವರೆಗೆ ಹೇಳುತ್ತಿದ್ದೆ.

ಈಗ ಜೆ.ಸಿ.ಬಿ. ಬಂದಿದೆ. ಒಂದು ಹಗಲಿನಲ್ಲಿ ಗುಡ್ಡ ತಟ್ಟು, ಪಾಗಾರ ಮಣ್ಣಿನಡಿ. ಬಾಡಿಗೆಯ ಲೆಕ್ಕದಲ್ಲಿ ಅದೇ ಲಾಭವೆಂದು ಬಲ್ಲವರು ಹೇಳುತ್ತಾರೆ, ಸುಳ್ಳೂ ಅಲ್ಲ. ನಾವು ಆ ದಿನ ಕಂಡಿಯನ್ನು ಈಚೆಗೇ ತೆಗೆದೆವು. ಕಿತ್ತ ಕಲ್ಲು ಎರಡು ಟ್ರೈಲರ್ ಆಯಿತು. ಅಜ್ಜಿಯ ಮನೆಯ ಹಿಂದೆ ಮಳೆಗೆ ಜರಿದ ದರೆಯಿತ್ತು, ಅಲ್ಲಿಗೆ ಹಾಕಿಸಿದೆವು.